ಹಸಿರು ಕಟ್ಟಡದ ಕೈಮರ

ಕಟ್ಟಡವೊಂದಕ್ಕೆ ‘ಹಸಿರು’ ಎಂಬ ವಿಶೇಷಣ ಸಲ್ಲಬೇಕಾದರೆ ಅದು ಹಲವು ಪರೀಕ್ಷೆಗಳನ್ನು ದಾಟಬೇಕು. ನಿವೇಶನದ ಮರಗಳನ್ನು ಉಳಿಸಿಕೊಂಡಿದೆಯೆ, ಮಳೆನೀರನ್ನು ಹಿಡಿದಿಡುತ್ತದೆಯೆ, ಹಗಲುಹೊತ್ತು ದೀಪ ಹಚ್ಚದೆ ಓದಲು ಸಾಧ್ಯವೆ, ಗೋಡೆಗೆ ಬಳಿದ ಬಣ್ಣ ಉಸಿರಿಗೆ ಕೇಡು ಮಾಡುವುದಿಲ್ಲವೆ ಎಂದು ಒಂದೊಂದನ್ನೂ ಅಳೆದು ಅಂಕ ನೀಡುವ ‘ಗೃಹ’ದಂತಹ ಮಾಪನ ಪದ್ಧತಿಗಳು ನಮ್ಮ ದೇಶದಲ್ಲಿ ಸುಮಾರು ಎರಡು ದಶಕಗಳಿಂದ ರೂಢಿಯಲ್ಲಿವೆ. ಇಷ್ಟೆಲ್ಲ ಎಚ್ಚರದಿಂದ ಕಟ್ಟಿದ ಕಟ್ಟಡದೊಳಗೆ ಬಂದವರಿಗೆ ಗ್ರಂಥಾಲಯ ಯಾವ ಕಡೆ, ಮೆಟ್ಟಿಲು ಎಲ್ಲಿ, ಕುಡಿಯುವ ನೀರು ಎಲ್ಲಿ ಎಂದು ಹೇಳಬೇಕಾದ ಫಲಕಗಳು ಮಾತ್ರ ಉದ್ಘಾಟನೆಯ ಹಿಂದಿನ ವಾರ ಯಾರಿಗೋ ನೆನಪಾಗುತ್ತವೆ. ಫ್ಲೆಕ್ಸ್ ಅಂಗಡಿಗೆ ಒಂದು ಪಟ್ಟಿ ಹೋಗುತ್ತದೆ. ಸಂಜೆಯೊಳಗೆ ಫಲಕಗಳು ಸುರುಳಿ ಸುತ್ತಿಕೊಂಡು ಬರುತ್ತವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಬಿಳಿಚಿ, ಅಂಚು ಹರಿದು, ಮತ್ತೊಂದು ಪಟ್ಟಿ ಅದೇ ಅಂಗಡಿಗೆ ಹೋಗುತ್ತದೆ.

ಫ್ಲೆಕ್ಸ್ ಎಂಬುದು ಪಾಲಿಯೆಸ್ಟರ್ ಬಲೆಗೆ ಪಿವಿಸಿ ಲೇಪಿಸಿದ ಹಾಳೆ. ಎರಡು ಜಾತಿಯ ಪ್ಲಾಸ್ಟಿಕ್ಕುಗಳು ಒಂದನ್ನೊಂದು ಕಚ್ಚಿಕೊಂಡಿರುವುದರಿಂದ ಅವನ್ನು ಬಿಡಿಸಿ ಮರುಬಳಕೆಗೆ ಒದಗಿಸುವುದು ಕಷ್ಟ. ಸುಟ್ಟರೆ ಡೈಆಕ್ಸಿನ್‌ನಂತಹ ವಿಷಗಳು ಗಾಳಿಗೆ ಸೇರುತ್ತವೆ. ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಬ್ಯಾನರು ಮತ್ತು ಫ್ಲೆಕ್ಸುಗಳ ಹೆಸರೂ ಇದೆ. 2018ರಲ್ಲಿ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸುಗಳನ್ನು ತೆರವುಗೊಳಿಸುವಂತೆ ಉಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಆದರೂ ವಿಚಾರಸಂಕಿರಣವೊಂದು ನಡೆದರೆ ವೇದಿಕೆಯ ಹಿಂದೆ ನಾವು ಕಟ್ಟುವುದು ಅದನ್ನೇ. ವಿಷಯ ಪರಿಸರ ಸಾಹಿತ್ಯವಾಗಿದ್ದರೂ ಅದನ್ನೇ.

ನಮ್ಮ ಕಾಲೇಜಿನ ಹೊಸ ಕಟ್ಟಡಕ್ಕೂ ಫಲಕಗಳ ಪಟ್ಟಿ ಸಿದ್ಧವಾಗುತ್ತಿರುವ ಈ ಹೊತ್ತಿನಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಮುಂದೆ ಒಂದು ಮಾತನ್ನು ಇಡಬಯಸುತ್ತೇನೆ. ಫಲಕದಿಂದ ಪರಿಸರಕ್ಕೆ ಆಗುವ ಹಾನಿ ಅದನ್ನು ಎಷ್ಟು ಸಲ ಕಿತ್ತು ಹೊಸದಾಗಿ ಹಾಕಬೇಕಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಫಲಕವನ್ನು ಕೀಳಬೇಕಾಗುವುದು ಎರಡು ಕಾರಣಗಳಿಗೆ: ಅದರ ಒಡಲು ಹಾಳಾಗಬಹುದು, ಇಲ್ಲವೆ ಅದರ ಮಾತು ಹಳಸಬಹುದು. ಒಡಲಿನ ಚಿಂತೆಯನ್ನು ಎಂಜಿನಿಯರುಗಳು ಮಾಡಿಯಾರು. ಮಾತಿನ ಚಿಂತೆ ಯಾರದು? ಅದು ಕನ್ನಡ ವಿಭಾಗದ್ದು ಎಂಬುದು ನನ್ನ ವಾದ.

ವಾದವನ್ನು ಪರೀಕ್ಷಿಸಲು ಉದಕಮಂಡಲಕ್ಕಿಂತ ಒಳ್ಳೆಯ ಜಾಗ ನಮ್ಮ ಸುತ್ತಿನಲ್ಲಿ ಇಲ್ಲ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಆ ಊರಿನಲ್ಲಿ ಫಲಕಕ್ಕೆ ಎಲ್ಲ ಬಗೆಯ ಶತ್ರುಗಳೂ ಇವೆ. ಎತ್ತರ ಪ್ರತಿ ಸಾವಿರ ಮೀಟರ್ ಹೆಚ್ಚಿದಂತೆ ನೇರಳಾತೀತ ಕಿರಣಗಳ ತೀವ್ರತೆ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಏರುತ್ತದೆ. ಚಳಿಯ ಊರೆಂದು ನಾವು ಹೊದ್ದು ತಿರುಗುವಾಗಲೂ ಬಣ್ಣಗಳು ಬಯಲುಸೀಮೆಗಿಂತ ಬೇಗ ಮಾಸುತ್ತವೆ. ನೈಋತ್ಯ ಮಾನ್ಸೂನ್ ಮುಗಿಯಿತೆನ್ನುವಷ್ಟರಲ್ಲಿ ಈಶಾನ್ಯದ ಮಳೆ ಬರುತ್ತದೆ. ಮಳೆಯಿಲ್ಲದ ದಿನ ಮಂಜು. ಮಾರ್ಗಶಿರ, ಪುಷ್ಯಗಳಲ್ಲಿ ಹುಲ್ಲಿನ ಮೇಲೆ ಹಿಮದ ಪುಡಿ. ಅಲ್ಲಿಂದ ಬಹುದೂರವಲ್ಲದ ಅವಲಾಂಚಿಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಪ್ಲೈವುಡ್ ಉಬ್ಬುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಲ್ಲಿನ ಮೇಲೂ ಪಾಚಿ ಏರುತ್ತದೆ.

ಇನ್ನೊಂದು ಕಾರಣವೂ ಇದೆ. ಪ್ಲಾಸ್ಟಿಕ್ಕಿನ ವಿರುದ್ಧ ಇಡೀ ಜಿಲ್ಲೆಯೇ ನಿಯಮ ಕಟ್ಟಿಕೊಂಡ ನಿದರ್ಶನಗಳಲ್ಲಿ ನೀಲಗಿರಿ ಮೊದಮೊದಲನೆಯದು. ಸುಪ್ರಿಯಾ ಸಾಹು ಅವರು ಜಿಲ್ಲಾಧಿಕಾರಿಯಾಗಿದ್ದಾಗ ನಡೆದ ‘ಆಪರೇಷನ್ ಬ್ಲೂ ಮೌಂಟನ್’ ಎಂಬ ಆಂದೋಲನವನ್ನು ಪರಿಸರದ ಪಾಠಗಳಲ್ಲಿ ಇಂದಿಗೂ ಉದಾಹರಿಸುತ್ತಾರೆ. ತಮಿಳುನಾಡು ರಾಜ್ಯದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ನಿಷೇಧ ಜಾರಿಗೆ ಬಂದದ್ದು 2019ರ ಜನವರಿ 1ರಂದು. ಬೆಟ್ಟದ ಜಿಲ್ಲೆ ಅದಕ್ಕಿಂತ ಬಹಳ ಹಿಂದೆಯೇ ಆ ದಾರಿ ಹಿಡಿದಿತ್ತು. ಹೀಗಿದ್ದೂ ಪ್ಲಾಸ್ಟಿಕ್ ತರಬೇಡಿ ಎಂಬ ಮಾತನ್ನೇ ಪ್ಲಾಸ್ಟಿಕ್ಕಿನ ಮೇಲೆ ಮುದ್ರಿಸಿ ತೂಗುಹಾಕಿದ್ದನ್ನು ಘಟ್ಟ ಹತ್ತುವವರು ಕಂಡಿರುತ್ತಾರೆ. ನಗುವ ಸಂಗತಿಯೇನೋ ಹೌದು. ಆದರೆ ನಮ್ಮ ಸೆಮಿನಾರಿನ ಬ್ಯಾನರನ್ನು ನೆನೆದರೆ ಆ ನಗು ಬಹಳ ಹೊತ್ತು ನಿಲ್ಲಲಾರದು.

ಅದೇ ಬೆಟ್ಟದಲ್ಲಿ ಬಾಳಿಕೆ ಬಂದ ಬರಹಗಳು ಯಾವುವು? ನೀಲಗಿರಿ ಬೆಟ್ಟದ ರೈಲು ಕೂನೂರಿನವರೆಗೆ ಬಂದದ್ದು 1899ರಲ್ಲಿ, ಉದಕಮಂಡಲ ಮುಟ್ಟಿದ್ದು 1908ರಲ್ಲಿ. 2005ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ನಿಲ್ದಾಣದ ಫಲಕ ಹಳದಿ ನೆಲದ ಮೇಲೆ ಕಪ್ಪು ಅಕ್ಷರಗಳದು: ಮೂರು ಲಿಪಿಗಳಲ್ಲಿ ಊರಿನ ಹೆಸರು, ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬ ಅಂಕಿ. ಲವ್‌ಡೇಲ್ ಬಂತೆಂದು ತಿಳಿಯಲು ಪ್ರಯಾಣಿಕನಿಗೆ ಬೇರೇನೂ ಬೇಡ. ಬಣ್ಣ ಮಾಸಿದರೆ ಅದೇ ಹಲಗೆಯ ಮೇಲೆ ಅದೇ ಅಕ್ಷರಗಳನ್ನು ಪೇಂಟರು ಮತ್ತೆ ತಿದ್ದುತ್ತಾನೆ, ಹಲಗೆಯನ್ನು ಎಸೆಯುವುದಿಲ್ಲ. ‘ತಿದ್ದುವುದು’ ಎಂಬ ಈ ಕ್ರಿಯಾಪದ ಫಲಕಗಳ ಲೋಕದಿಂದ ಮರೆಯಾಗಿರುವುದೇ ಇಂದಿನ ತೊಡಕಿನ ಅರ್ಧ ಭಾಗ ಎಂದು ನನಗೆ ತೋರುತ್ತದೆ. ಫ್ಲೆಕ್ಸನ್ನು ಬದಲಿಸಬಹುದೇ ಹೊರತು ತಿದ್ದಲಾಗದು.

ಇನ್ನೊಂದು ಉದಾಹರಣೆ ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಹಟ್ಟಿ ಘಟ್ಟದ್ದು. ಕಡಿದಾದ ಆ ದಾರಿಯಲ್ಲಿ 36 ಹಿಮ್ಮುರಿ ತಿರುವುಗಳಿವೆ. ಇದು 36ರಲ್ಲಿ ಎಷ್ಟನೆಯದು ಎಂದು ಅಲ್ಲಿನ ಸಂಖ್ಯೆ ಹೇಳುತ್ತದೆ. ಎಷ್ಟು ದೂರ ಬಂದೆವು, ಇನ್ನೆಷ್ಟು ಉಳಿದಿದೆ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಅಂಕಿಯಲ್ಲಿ ಉತ್ತರವಿದೆ. ವಾಹನ ಕೆಟ್ಟು ನಿಂತರೆ ಫೋನಿನಲ್ಲಿ ‘ಇಷ್ಟನೆಯ ತಿರುವು’ ಎಂದರೆ ಸಾಕು. ಯಾವ ಭಾಷೆಯವನಿಗೂ ಅನುವಾದ ಬೇಡ, ಮತ್ತು ಆ ದಾರಿ ಇರುವವರೆಗೆ ಆ ಮಾತು ಹಳೆಯದಾಗುವುದಿಲ್ಲ. ಘಟ್ಟದ ಫಲಕಗಳಲ್ಲಿ ನನಗೆ ಇದರಷ್ಟು ಮೆಚ್ಚುಗೆಯಾದದ್ದು ಬೇರೊಂದಿಲ್ಲ.

ಮೇಲಿನ ಎರಡೂ ನಿದರ್ಶನಗಳಿಗೆ ವಿರುದ್ಧವಾದುದು ಹೆದ್ದಾರಿಯ ಸಂಖ್ಯೆ. ಗುಂಡ್ಲುಪೇಟೆಯಿಂದ ಗೂಡಲೂರು, ಉದಕಮಂಡಲ, ಮೇಟ್ಟುಪಾಳ್ಯಂ ಮಾರ್ಗವಾಗಿ ಕೊಯಮತ್ತೂರಿಗೆ ಹೋಗುವ ರಸ್ತೆ ಬಹುಕಾಲ ರಾಷ್ಟ್ರೀಯ ಹೆದ್ದಾರಿ 67 ಆಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಅದು 181 ಆಯಿತು. ರಸ್ತೆ ಒಂದಿಂಚೂ ಕದಲಲಿಲ್ಲ; ಅದರ ಮೇಲಿನ ಗಟ್ಟಿಮುಟ್ಟಾದ ಫಲಕಗಳೆಲ್ಲ ಸುಳ್ಳು ಹೇಳತೊಡಗಿದವು. ಊರಿನ ಹೆಸರಿನದೂ ಇದೇ ಕಥೆ. 1821ರ ಇಂಗ್ಲಿಷ್ ಪತ್ರವೊಂದರಲ್ಲಿ ಅದು ‘ವೊಟೊಕಿಮಂಡ್’. ಆಮೇಲೆ ಊಟಕಮಂಡ್; 1970ರ ದಶಕದಿಂದ ಅಧಿಕೃತವಾಗಿ ಉದಗಮಂಡಲಂ. ಕನ್ನಡಿಗರು ಅದರಲ್ಲಿ ‘ಉದಕ’ವನ್ನು ಕಂಡು ಉದಕಮಂಡಲ ಎಂದರು, ಮಳೆಯನ್ನು ನೋಡಿದರೆ ತಪ್ಪೆನ್ನಲೂ ಆಗದು. ಜನರ ಬಾಯಲ್ಲಿ ಮಾತ್ರ ಅದು ಊಟಿ. ‘ಮಂದು’ ಎಂಬುದು ತೊದವರ ವಸತಿ. ಒಂಟಿ ಕಲ್ಲಿನ ಮಂದು ಎಂಬುದು ಮೂಲ ಹೆಸರಿನ ಅರ್ಥವೆಂದು ಹಲವರು ಹೇಳುತ್ತಾರೆ. ಹಾಗಿದ್ದರೆ ಅದು ಹೆಸರೂ ಹೌದು, ಗುರುತೂ ಹೌದು: ಆ ಕಲ್ಲು ಕಂಡಲ್ಲಿ ನಿಲ್ಲು ಎಂದು ಹೇಳುವ ಹೆಸರು.

ಇಂತಹ ಹೆಸರುಗಳು ನೀಲಗಿರಿಯ ತುಂಬ ಇವೆ, ಹಲವನ್ನು ಬಿಡಿಸಲು ಕನ್ನಡ ಬಲ್ಲವನಿಗೆ ನಿಘಂಟು ಬೇಡ. ಮಸಿನಗುಡಿ ಎಂದರೆ ಮಸಿಣಿಯಮ್ಮನ ಗುಡಿ. ಕಲ್ಹಟ್ಟಿಯಲ್ಲಿ ಕಲ್ಲೂ ಇದೆ, ಹಟ್ಟಿಯೂ ಇದೆ. ಬಡಗರ ಊರುಗಳನ್ನು ಇಂದಿಗೂ ಹಟ್ಟಿ ಎಂದೇ ಕರೆಯುತ್ತಾರೆ. ‘ಬಡಗ’ ಎಂಬ ಹೆಸರಂತೂ ಒಂದು ದಿಕ್ಸೂಚಿ. ಬಡಗು ಎಂದರೆ ಉತ್ತರವೆಂದು ಬಡಗುತಿಟ್ಟಿನ ಯಕ್ಷಗಾನ ನೋಡಿದವರಿಗೆ ವಿವರಿಸಬೇಕಿಲ್ಲ. ಉತ್ತರದಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ ಬಂದವರು ಎಂಬ ಮಾತು ಇಡೀ ಸಮುದಾಯದ ಹೆಸರಾಗಿ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕೇತಿಯಲ್ಲಿ ನೆಲೆಸಿದ್ದ ಬಾಸೆಲ್ ಮಿಷನ್ನಿನವರು ಬಡಗ ಭಾಷೆಯ ಪುಸ್ತಕವನ್ನು ಅಚ್ಚು ಹಾಕಿಸಿದಾಗ ಬಳಸಿದ ಲಿಪಿ ಕನ್ನಡ. ಅದಕ್ಕೂ ಹಿಂದೆ ಹೋದರೆ, ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಗಿರಿಯನ್ನು ಹಿಡಿದ ಸಂಗತಿ ಚಾಮರಾಜನಗರದ 1117ರ ಶಾಸನದಲ್ಲಿದೆ. ಒಂಬೈನೂರು ವರ್ಷ ಮಳೆ ಬಿಸಿಲು ಕಂಡ ಕಾಲದ ಆ ಬರಹವನ್ನು ನಾವು ಇನ್ನೂ ಓದುತ್ತಿದ್ದೇವೆ. ಕಳೆದ ವರ್ಷದ ಫಲಕವನ್ನು ಓದಲಾರೆವು.

ಶಾಸನವನ್ನು ನೆನೆದದ್ದು ಹೆಮ್ಮೆಗಾಗಿ ಅಲ್ಲ. ಐಚ್ಛಿಕ ಕನ್ನಡದವರು ಪರೀಕ್ಷೆಗೆಂದು ಓದುವ ಶಾಸನಶಾಸ್ತ್ರ ಫಲಕಗಳ ವಿಚಾರದಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಶಾಸನದ ಹಿಂದೆ ಅನೇಕ ವೇಳೆ ಮೂವರು ಇರುತ್ತಿದ್ದರು: ಪಾಠವನ್ನು ರಚಿಸಿದವನು, ಅದನ್ನು ಕಲ್ಲಿನ ಮೇಲೆ ಬರೆದವನು, ಬರೆದುದನ್ನು ಕಂಡರಿಸಿದ ರೂವಾರಿ. ಕಲ್ಲು ದುಬಾರಿ, ಉಳಿಯ ಪೆಟ್ಟು ಹಿಂದೆಗೆಯಲಾಗದ್ದು. ಆದ್ದರಿಂದ ಉಳಿಗಿಂತ ಮೊದಲು ಮಾತು ಹದಗೊಳ್ಳಬೇಕಿತ್ತು. ಇಂದಿನ ಫಲಕದ ಹಿಂದೆ ಮೂರನೆಯವನೊಬ್ಬನೇ ಉಳಿದಿದ್ದಾನೆ. ಪಾಠ ರಚಿಸುವವನ ಪೀಠ ಖಾಲಿ ಬಿದ್ದಿದೆ. ಅಗ್ಗದ ಮುದ್ರಣವೇ ಅದನ್ನು ಖಾಲಿ ಮಾಡಿಸಿತು: ತಪ್ಪಾದರೆ ಇನ್ನೊಂದು ಹೊಡೆಸಿದರಾಯಿತು ಎನ್ನುವ ಕಡೆ ಮಾತಿನ ಮೇಲೆ ಯಾರೂ ಹೊತ್ತು ಕಳೆಯುವುದಿಲ್ಲ.

ಓದಲು ಬಾರದವರನ್ನೂ ಶಾಸನ ಕೈಬಿಟ್ಟಿರಲಿಲ್ಲ. ದತ್ತಿ ಭೂಮಿಯ ಎಲ್ಲೆಗೆ ನೆಟ್ಟ ಕಲ್ಲುಗಳನ್ನು ನೆನಪಿಸಿಕೊಳ್ಳಿ. ಬಸದಿಗೆ ಬಿಟ್ಟ ನೆಲಕ್ಕೆ ಮುಕ್ಕೊಡೆ, ಶಿವಾಲಯದ ನೆಲಕ್ಕೆ ಲಿಂಗಮುದ್ರೆ, ಬ್ರಾಹ್ಮಣರಿಗೂ ವಿಷ್ಣು ದೇವಾಲಯಕ್ಕೂ ಬಿಟ್ಟ ನೆಲಕ್ಕೆ ವಾಮನಮುದ್ರೆ. ನೇಗಿಲು ಹಿಡಿದವನು ಒಂದಕ್ಷರ ಓದದೆಯೇ ಇದು ಯಾರ ನೆಲ ಎಂದು ತಿಳಿಯುತ್ತಿದ್ದ. ತಲೆಯ ಮೇಲಿನ ಸೂರ್ಯಚಂದ್ರರ ಚಿತ್ರ ‘ಆಚಂದ್ರಾರ್ಕ’ ಎಂಬ ಅವಧಿಯನ್ನು ಕಣ್ಣಿಗೆ ಕಾಣಿಸುತ್ತಿತ್ತು. ವಿಮಾನ ನಿಲ್ದಾಣಗಳಲ್ಲಿ ಇಂದು ಜಗತ್ತೆಲ್ಲ ಬಳಸುವ ಚಿತ್ರಸಂಕೇತಗಳಿಗೆ ಮಾದರಿಯಾದ ಒಂದು ಗುಂಪನ್ನು ಅಮೆರಿಕದ ವಿನ್ಯಾಸಕಾರರು 1974ರಲ್ಲಿ ಸಿದ್ಧಪಡಿಸಿದರು. ಅದು ದೊಡ್ಡ ಕೆಲಸವೇ. ಆದರೆ ಆ ಬಗೆಯ ಆಲೋಚನೆ ನಮ್ಮ ಹೊಲದ ಬದುವಿನಲ್ಲಿ ನಿಂತಿತ್ತು ಎಂಬುದನ್ನು ಕನ್ನಡದ ವಿದ್ಯಾರ್ಥಿಗಳಾದರೂ ಹೇಳಬೇಡವೆ?

ಇನ್ನು ಒಡಲಿನ ವಿಚಾರ. ನೀಲಗಿರಿಯ ಬಂಡೆ ಬಹುಪಾಲು ಚಾರ್ನೊಕೈಟ್. ಆ ಹೆಸರು ಬಂದದ್ದು ಕೊಲ್ಕತ್ತದಲ್ಲಿರುವ ಜಾಬ್ ಚಾರ್ನಾಕನ ಸಮಾಧಿಯ ಕಲ್ಲಿನಿಂದ. ಆ ಕಲ್ಲನ್ನು ನೋಡಿದ ಭೂವಿಜ್ಞಾನಿ ಹಾಲೆಂಡ್ ಈ ಜಾತಿಯ ಶಿಲೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸತ್ತವನ ಹೆಸರನ್ನೇ ಇಟ್ಟ. ಅಕ್ಷರ ಹೊತ್ತ ಕಲ್ಲೊಂದು ಒಂದು ಬೆಟ್ಟಸಾಲಿನ ಶಿಲೆಗೇ ಹೆಸರು ಕೊಟ್ಟ ಸೋಜಿಗವಿದು. ಇದೇ ಬೆಟ್ಟದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1822ರಲ್ಲಿ ಕಟ್ಟತೊಡಗಿದ ಮನೆಯನ್ನು ಸ್ಥಳೀಯರು ‘ಕಲ್ ಬಂಗಲೆ’ ಎಂದರು. ಅದು ಇನ್ನೂ ನಿಂತಿದೆ. ಹಾಗೆಂದು ಎಲ್ಲ ಫಲಕವನ್ನೂ ಕಲ್ಲಿನಲ್ಲಿ ಕೆತ್ತಿಸಿ ಎನ್ನುವುದು ಮೂರ್ಖತನ. ಬೆಟ್ಟ ಒಡೆದು ಹಸಿರು ಕಟ್ಟಡಕ್ಕೆ ಫಲಕ ಮಾಡುವುದರಲ್ಲಿ ಅರ್ಥವಿಲ್ಲ, ಬದಲಾಗಬಹುದಾದ ಮಾತಿಗೆ ಕಲ್ಲು ತಕ್ಕುದೂ ಅಲ್ಲ. ಕಟ್ಟಡದ ಹೆಸರು, ಕಟ್ಟಿದ ವರ್ಷ, ಇಷ್ಟಕ್ಕೆ ಕಟ್ಟಡದ್ದೇ ಉಳಿಕೆಯ ಒಂದು ಚಪ್ಪಡಿ ಸಾಕು.

ಹೊರಗಿನ ದಾರಿಫಲಕಗಳಿಗೆ ನನ್ನ ಒಲವು ಎನಾಮಲ್ ಫಲಕದ ಕಡೆ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿಯನ್ನು ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕೂರಿಸುವ ಹಳೆಯ ವಿದ್ಯೆ ಅದು. ಬಣ್ಣ ಗಾಜಿನೊಳಗೇ ಸೇರಿರುವುದರಿಂದ ಬಿಸಿಲಿಗೆ ಮಾಸುವುದು ಅಪರೂಪ. ಹಳೆಯ ಪೇಟೆಗಳ ಅಂಗಡಿಗಳಲ್ಲಿ ಅಜ್ಜನ ಕಾಲದ ಸೋಪು, ಚಹಾಪುಡಿಯ ಜಾಹೀರಾತುಗಳು ಇಂದಿಗೂ ಹೊಳೆಯುವುದು ಅದರಿಂದಲೇ. ದೋಷವೂ ಉಂಟು: ಕಲ್ಲು ತಾಗಿ ಚೆಕ್ಕೆ ಎದ್ದರೆ ಅಲ್ಲಿಂದ ತುಕ್ಕು ಒಳಹೊಗುತ್ತದೆ. ಅದು ಸಿಗದಿದ್ದರೆ ಅಲ್ಯೂಮಿನಿಯಂ ತಗಡು. ಅದಿರಿನಿಂದ ತೆಗೆಯುವಾಗ ಅಪಾರ ವಿದ್ಯುತ್ತು ಬೇಡುವ ಈ ಲೋಹವನ್ನು ಮರುಕರಗಿಸಲು ಅದರ ಇಪ್ಪತ್ತನೆಯ ಒಂದು ಪಾಲು ಶಕ್ತಿ ಸಾಕು. ಆದ್ದರಿಂದ ಗುಜರಿಯಿಂದ ಬಂದ ಅಲ್ಯೂಮಿನಿಯಂ ಎಂದು ಕೇಳಿ ತರಿಸಬೇಕು, ಅಂಟಿನ ಸ್ಟಿಕ್ಕರ್ ಬದಲು ಅಕ್ಷರಗಳನ್ನು ಕೊರೆಸಬೇಕು.

ಕಟ್ಟಡದ ಒಳಗಿನ ಫಲಕಗಳಿಗೆ ಗೂಡಲೂರು ಒಂದು ಪಾಠ ಹೇಳುತ್ತದೆ. ಕಾಡನ್ನೆಲ್ಲ ನುಂಗುತ್ತಿರುವ ಲಂಟಾನದ ಕಡ್ಡಿಗಳಿಂದ ಬೆಟ್ಟಕುರುಂಬ, ಪಣಿಯ, ಕಾಟುನಾಯಕ, ಸೋಲಿಗ ಸಮುದಾಯಗಳ ಕುಶಲಿಗಳು ಅಲ್ಲಿ ಆಳೆತ್ತರ ಮೀರಿದ ಆನೆಗಳನ್ನು ಹೆಣೆದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಅಮೆರಿಕಕ್ಕೆ ಹೋದವು. ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಸೋಲಿಗರು ಲಂಟಾನದಿಂದ ಪೀಠೋಪಕರಣ ಮಾಡುತ್ತಾರೆ. ಕಿತ್ತಷ್ಟೂ ಕಾಡಿಗೆ ಒಳಿತಾಗುವ ಇಂತಹ ಕಚ್ಚಾವಸ್ತು ಇನ್ನೆಲ್ಲಿದೆ! ಮಳೆ ತಾಗದ ಪಡಸಾಲೆಯಲ್ಲಿ ಫಲಕದ ಚೌಕಟ್ಟಿಗೆ, ಕಂಬಕ್ಕೆ ಅದು ಧಾರಾಳವಾಗಿ ಒದಗೀತು. ದೂರದಿಂದ ತರಿಸಿದ ತೇಗದ ಹಲಗೆಯನ್ನು ‘ಪ್ರಕೃತಿಸಹಜ’ ಎಂದು ಮಾರುವವರ ಮಾತಿಗಿಂತ ಇದರಲ್ಲಿ ಹೆಚ್ಚು ಪ್ರಾಮಾಣಿಕತೆ ಇದೆ.

ಇವೆಲ್ಲಕ್ಕೂ ಮೇಲಾದ ಒಂದು ಸರಳ ಉಪಾಯವಿದೆ. ಉಳಿಯುವ ಮಾತನ್ನೂ ಬದಲಾಗುವ ಮಾತನ್ನೂ ಒಂದೇ ಹಲಗೆಯ ಮೇಲೆ ಬರೆಯಬಾರದು. ‘ಪ್ರಾಂಶುಪಾಲರ ಕೊಠಡಿ’ ಉಳಿಯುತ್ತದೆ, ಪ್ರಾಂಶುಪಾಲರ ಹೆಸರು ಬದಲಾಗುತ್ತದೆ. ಎರಡನ್ನೂ ಸೇರಿಸಿ ಬರೆದರೆ ನಿವೃತ್ತಿಯಾದಾಗಲೆಲ್ಲ ಫಲಕವೂ ನಿವೃತ್ತವಾಗುತ್ತದೆ. ಹೆಸರಿಗೆ ಕೆಳಗೊಂದು ಜಾರುಪಟ್ಟಿ, ಅದಕ್ಕೆ ಅಂಟಿನ ಬದಲು ತಿರುಪು: ಇಷ್ಟಾದರೆ ತುಂಡನ್ನು ಬದಲಿಸಿ ಇಡಿಯನ್ನು ಉಳಿಸಬಹುದು. ದಾನಿಗಳ ಹೆಸರನ್ನು ದಾರಿ ತೋರಿಸುವ ಫಲಕದಲ್ಲಿ ಹಾಕುವ ಅಭ್ಯಾಸ ಬಗ್ಗೆ ನನಗೆ ಖಂಡಿತ ಅಸಮ್ಮತಿಯಿದೆ. ಅವರ ಔದಾರ್ಯಕ್ಕೆ ಮುಂಬಾಗಿಲಿನ ಕಲ್ಲಿದೆ.

ಮಾತಿನ ಆಯ್ಕೆ ಎಂದರೇನೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಮಾಡಿದ ಇಳಿಜಾರಿಗೆ ಮೊದಲು ‘ಅಂಗವಿಕಲರಿಗೆ’ ಎಂದು ಬರೆಯುತ್ತಿದ್ದರು. ಆಮೇಲೆ ‘ವಿಕಲಚೇತನರಿಗೆ’, ‘ವಿಶೇಷಚೇತನರಿಗೆ’ ಎಂದಾಯಿತು. ಪ್ರತಿ ಸಲವೂ ಉದ್ದೇಶ ಒಳ್ಳೆಯದೇ, ಪ್ರತಿ ಸಲವೂ ಫಲಕ ಕಸಕ್ಕೆ. ‘ಇಳಿಜಾರು ದಾರಿ’ ಎಂದಷ್ಟೇ ಬರೆದು ಗಾಲಿಕುರ್ಚಿಯ ಚಿತ್ರ ಇಟ್ಟಿದ್ದರೆ ಬದಲಿಸುವ ಪ್ರಮೇಯವೇ ಇರಲಿಲ್ಲ. ಬಸುರಿಯೂ ಮೊಣಕಾಲು ನೋವಿನ ಮುದುಕರೂ ಸಂಕೋಚವಿಲ್ಲದೆ ಅದೇ ದಾರಿ ಹಿಡಿಯುತ್ತಿದ್ದರು. ಜನಕ್ಕೆ ಹೆಸರಿಡುವ ಮಾತು ಬೇಗ ಹಳಸುತ್ತದೆ. ವಸ್ತುವಿಗೆ ಹೆಸರಿಡುವ ಮಾತು ತಡೆಯುತ್ತದೆ. ಸಸ್ಯಶಾಸ್ತ್ರದವರಿಗೂ ಇದರ ಅನುಭವ ಉಂಟು. ನೀಲಕುರಿಂಜಿಯ ಲ್ಯಾಟಿನ್ ನಾಮ ಒಮ್ಮೆ ಫ್ಲೆಬೊಫಿಲಂ ಎಂದಿದ್ದುದು ಸ್ಟ್ರೊಬಿಲಾಂತಿಸ್ ಆಯಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವನ್ನು ಕಂಡವರು ಕರೆದ ಕುರಿಂಜಿ ಎಂಬ ಹೆಸರು ಹಾಗೆಯೇ ಇದೆ. 1848ರಲ್ಲಿ ಮಕೈವರ್ ರೂಪಿಸಿದ ಉದಕಮಂಡಲದ ಸಸ್ಯೋದ್ಯಾನದಂತಹ ಕಡೆ ಗಿಡದ ಫಲಕದಲ್ಲಿ ಶಾಸ್ತ್ರೀಯ ನಾಮ ಬೇಕೇ ಬೇಕು, ನಿಜ. ಅದನ್ನು ಬದಲಿಸಬಹುದಾದ ಪಟ್ಟಿಯಲ್ಲಿಯೂ ಜನರ ಹೆಸರನ್ನು ಗಟ್ಟಿ ತಗಡಿನಲ್ಲಿಯೂ ಇಟ್ಟರಾಯಿತು.

ಲಿಪಿಯ ಕಡೆಗೂ ಕಣ್ಣು ಹಾಯಿಸಬೇಕು. ಅಕ್ಷರದ ಎತ್ತರ ನೋಡುವ ದೂರದ ಇನ್ನೂರನೆಯ ಒಂದು ಪಾಲು ಇರಲಿ, ಅಂದರೆ ಹತ್ತು ಮೀಟರ್ ದೂರಕ್ಕೆ ಐದು ಸೆಂಟಿಮೀಟರ್ ಎಂಬ ಲೆಕ್ಕವೊಂದಿದೆ. ಅದು ರೋಮನ್ ಅಕ್ಷರಗಳಿಗೆ ಹೊಂದುವ ಲೆಕ್ಕ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಕುಗ್ಗಿ ಕೂರುತ್ತದೆ. ಮೇಲಿನ ಅಕ್ಷರಕ್ಕೆ ಐದು ಸೆಂಟಿಮೀಟರ್ ಕೊಟ್ಟರೆ ಒತ್ತಿಗೆ ಅದರ ಅರ್ಧವೂ ದಕ್ಕುವುದಿಲ್ಲ. ದೂರದಿಂದ ದ, ಥ, ಧಗಳ ಚುಕ್ಕಿ ಗೆರೆ ಕರಗಿಹೋಗುತ್ತವೆ. ಬ ಮತ್ತು ಭ, ಪ ಮತ್ತು ಷ ಒಂದೇ ಆಗುತ್ತವೆ. ಕೊರೆದ ಫಲಕದಲ್ಲಿ ಸಣ್ಣ ಒತ್ತಿನ ಸಂದಿಗೆ ಧೂಳೂ ಪಾಚಿಯೂ ಮೊದಲು ಸೇರುತ್ತವೆ. ‘ಸ್ನಾತಕೋತ್ತರ ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿ’ ಎಂಬುದನ್ನು ಬಾಗಿಲ ಮೇಲೆ ಬರೆಸುವ ಮೊದಲು ಅದರ ಒತ್ತುಗಳನ್ನು ಎಣಿಸಿ ನೋಡಿ. ಒತ್ತು ಕಡಿಮೆಯಿರುವ, ಚಿಕ್ಕ, ತಿಳಿಯಾದ ಕನ್ನಡ ಪದವನ್ನು ಹುಡುಕುವುದು ಇಲ್ಲಿ ಭಾಷಾಭಿಮಾನದ ಪ್ರಶ್ನೆಯಾಗಿ ಉಳಿಯದೆ ಕಣ್ಣಿನ ಪ್ರಶ್ನೆಯಾಗುತ್ತದೆ. ಕಣ್ಣು ಕಾಣದವರಿಗೆ ಉಬ್ಬಕ್ಷರವೂ ಬ್ರೈಲ್ ಚುಕ್ಕಿಗಳೂ ಬೇಕು; 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಬಳಿಕ ಇದು ಯಾರದೋ ದಯೆಗೆ ಬಿಟ್ಟದ್ದಲ್ಲ. ಕನ್ನಡಕ್ಕೆ ಬ್ರೈಲ್ ಲಿಪಿ ಇದೆ ಎಂಬುದೇ ತಿಳಿಯದ ಕನ್ನಡ ಪದವೀಧರರು ಇರಬಾರದು.

ಇಷ್ಟೆಲ್ಲ ಏಕೆ, ಗೋಡೆಗೊಂದು ಕ್ಯೂಆರ್ ಚೌಕ ಅಂಟಿಸಿದರೆ ಮೊಬೈಲು ದಾರಿ ತೋರುವುದಿಲ್ಲವೆ ಎಂದು ಕೇಳುವವರಿದ್ದಾರೆ. ಚೌಕ ಬಾಳುವುದು ಅದರ ಹಿಂದಿನ ಜಾಲತಾಣ ಬಾಳುವವರೆಗೆ. ಅದಕ್ಕೆ ನೆಟ್‌ವರ್ಕ್ ಬೇಕು, ಚಾರ್ಜ್ ಬೇಕು, ದುಬಾರಿ ಫೋನು ಬೇಕು. ಮಗಳ ಪ್ರವೇಶಕ್ಕೆಂದು ಹಳ್ಳಿಯಿಂದ ಮೊದಲ ಸಲ ಬಂದ ತಾಯಿಗೆ ಅದೊಂದು ಕಪ್ಪು ಬಿಳಿ ರಂಗೋಲಿ. ಖರ್ಚು ಹೆಚ್ಚೆನ್ನುವವರ ಆಕ್ಷೇಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಎನಾಮಲ್ ಫಲಕ ಫ್ಲೆಕ್ಸಿಗಿಂತ ಹಲವು ಪಟ್ಟು ದುಬಾರಿ, ಮತ್ತು ಕಾಲೇಜಿನ ಲೆಕ್ಕಪತ್ರ ಒಂದು ವರ್ಷದ ಆಚೆ ನೋಡುವುದಿಲ್ಲ. ಅದಕ್ಕೆ ನನ್ನಲ್ಲಿರುವ ಉತ್ತರ ಒಂದೇ: ಫಲಕಗಳ ಸಂಖ್ಯೆಯನ್ನು ಇಳಿಸಿ. ಬರಹಗಾರನೊಬ್ಬ ಕೂತು ಯೋಚಿಸಿದರೆ ಅರವತ್ತು ಫಲಕಗಳ ಕೆಲಸವನ್ನು ಮೂವತ್ತು ಮಾಡೀತು.

ಹಿಂದೆ ದಾರಿ ಕವಲೊಡೆಯುವಲ್ಲಿ ಮರದ ಕಂಬ ನೆಟ್ಟು ಅದಕ್ಕೆ ಕೈಯಂತೆ ಹಲಗೆ ಜೋಡಿಸುತ್ತಿದ್ದರು. ಕನ್ನಡದಲ್ಲಿ ಅದರ ಹೆಸರು ಕೈಮರ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ಎಂಬ ಊರೇ ಇದೆ. ನೀಲಗಿರಿಯಲ್ಲಿ ಮಂಜೂರಿನ ಕಡೆ ಕೈಕಾಟ್ಟಿ ಎಂಬ ಊರಿದೆ. ತಮಿಳಿನಲ್ಲಿ ಅದರ ಅರ್ಥವೂ ಕೈಮರವೇ. ಫಲಕ ಊರಾಗಿ, ಊರಿನ ಹೆಸರೇ ಫಲಕವಾಗಿರುವ ಈ ಪದವನ್ನು ಬಿಟ್ಟು ‘ಸೈನ್‌ಬೋರ್ಡ್’ ಎಂದೇ ಟೆಂಡರಿನಲ್ಲಿ ಬರೆಯುವ ನಮ್ಮ ಸಂಕೋಚಕ್ಕೆ ಕಾರಣ ತಿಳಿಯದು.

ಆದ್ದರಿಂದ ವಿಭಾಗದ ಮುಂದೆ ನನ್ನ ಸಲಹೆ ಇದು. ಹೊಸ ಕಟ್ಟಡದ ಫಲಕಗಳ ಪಟ್ಟಿ ಮುದ್ರಣಕ್ಕೆ ಹೋಗುವ ಮುನ್ನ ಅದರ ಪಾಠವನ್ನು ಐಚ್ಛಿಕ ಕನ್ನಡದ ಅಂತಿಮ ವರ್ಷದವರು ರಚಿಸಿಕೊಡಲಿ. ಶಾಸನಶಾಸ್ತ್ರ ಪತ್ರಿಕೆಯ ನಿಯೋಜಿತ ಕಾರ್ಯವಾಗಿಯೇ ಅದನ್ನು ಎಣಿಸಬಹುದು. ಪ್ರತಿ ಪದಕ್ಕೂ ಕೇಳಿಕೊಳ್ಳಿ: ಹತ್ತು ವರ್ಷದ ಮೇಲೂ ಈ ಮಾತು ನಿಜವಾಗಿರುತ್ತದೆಯೆ? ಮೊದಲ ಸಲ ಬಂದವರಿಗೆ ಅರ್ಥವಾಗುತ್ತದೆಯೆ? ಕಾಗದದ ಮೇಲೆ ಬರೆದು ಒಂದು ತಿಂಗಳು ಅಂಟಿಸಿ, ಜನ ಎಲ್ಲಿ ಎಡವುತ್ತಾರೆ ನೋಡಿ, ತಿದ್ದಿ, ಆಮೇಲೆ ತಗಡಿಗೆ ಕೊಡಿ. ಮೊದಲ ಕಗ್ಗಂಟನ್ನು ನಾನೇ ಕೊಡುತ್ತೇನೆ. ಊಟಿಯ ಅನೇಕ ಮನೆಗಳಂತೆ ನಮ್ಮ ಕಟ್ಟಡವೂ ಇಳಿಜಾರಿನಲ್ಲಿದೆ. ಮುಂಬಾಗಿಲಿನಿಂದ ಒಳಬಂದವರು ನಿಲ್ಲುವುದು ಎರಡನೆಯ ಅಂತಸ್ತಿನಲ್ಲಿ, ಹಿಂಬಾಗಿಲಿನಿಂದ ಬಂದವರು ಎಲ್ಲಕ್ಕಿಂತ ಕೆಳಗಿನದರಲ್ಲಿ. ‘ನೆಲಮಹಡಿ’ ಎಂಬ ಫಲಕವನ್ನು ಯಾವುದಕ್ಕೆ ಹಾಕುತ್ತೀರಿ?